ಕರುಳು ತೊಳೆಯುವ ಯಂತ್ರವೋ, ಇಸಬ್‌ಗೋಲ್ ಡಬ್ಬಿಯೋ?

ಮಲಬದ್ಧತೆಗೆಂದು ನಾನು ಮಾಡಿ ನೋಡಿದವುಗಳಲ್ಲಿ ಇಂದಿಗೂ ಬಿಡದೆ ಉಳಿಸಿಕೊಂಡಿರುವುದು ಇಸಬ್‌ಗೋಲ್ ಮತ್ತು ಕುಚ್ಚಲಕ್ಕಿ ಗಂಜಿ. ಹೆಚ್ಚು ಹಣ ನುಂಗಿದ್ದು ಮಂಗಳೂರಿನ ಖಾಸಗಿ ಕೇಂದ್ರವೊಂದರ ಕೊಲೊನ್ ಹೈಡ್ರೋಥೆರಪಿ. ನಡುವೆ ಪ್ರಕೃತಿ ಚಿಕಿತ್ಸೆಯ ಎನಿಮಾ ಮತ್ತು ಗುದದ್ವಾರದ ಮೂಲಕ ತೈಲ, ಕಷಾಯ ಕೊಡುವ ಆಯುರ್ವೇದದ ಬಸ್ತಿಯೂ ಆದವು. ಉಡುಪಿಯಲ್ಲಿ ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ, ಸಂಬಳದಲ್ಲಿ ತಿಂಗಳು ದಾಟಿಸುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೈಡ್ರೋಥೆರಪಿಯಲ್ಲಿ ಗುದದ್ವಾರದಿಂದ ನಳಿಕೆ ಇಟ್ಟು, ಸೋಸಿದ ಬೆಚ್ಚಗಿನ ನೀರನ್ನು ದೊಡ್ಡ ಕರುಳಿಗೆ ಹರಿಸಿ ಮತ್ತೆ ಹೊರಗೆ ಬಿಡುತ್ತಾರೆ. ಒಂದು ಸರದಿಯಲ್ಲಿ ಹತ್ತಾರು ಲೀಟರ್ ನೀರು ಹೀಗೆ ಓಡಾಡುತ್ತದೆ. ನೋವೇನಿಲ್ಲ, ನಡುನಡುವೆ ಹೊಟ್ಟೆ ಹಿಂಡುತ್ತದೆ. ಮಂಚದಿಂದ ಎದ್ದಾಗ ಮೈ ಹಗುರಾದದ್ದೂ ನಿಜ.

ತೊಂದರೆ ಶುರುವಾಗುವುದು ಅಲ್ಲಿಂದ ಹೊರಟ ಮೇಲೆ. ಒಳಗೆ ಉಳಿದ ನೀರು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಯುತ್ತಲೇ ಇರುತ್ತದೆ. ಇದನ್ನು ಕೇಂದ್ರದವರು ಒಂದು ಮಾತಿನಲ್ಲೂ ಹೇಳಲಿಲ್ಲ. ನಾನು ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹತ್ತಿದ್ದೆ. ಸುರತ್ಕಲ್ ದಾಟುವಷ್ಟರಲ್ಲಿ ತಡೆಯಲಾಗದ ಒತ್ತಡ. ಮೂಲ್ಕಿಯಲ್ಲಿ ಇಳಿದು ಹೋಟೆಲೊಂದರ ಶೌಚಾಲಯ ಹುಡುಕಿದೆ, ಮುಂದಿನ ಬಸ್ ಹಿಡಿದು ಪಡುಬಿದ್ರಿಯಲ್ಲಿ ಮತ್ತೆ ಇಳಿದೆ. ಚಿಕಿತ್ಸೆಯ ಬಳಿಕ ಒಂದೆರಡು ಗಂಟೆ ಅಲ್ಲೇ ಇರಿ, ದೂರದ ಪ್ರಯಾಣ ಬೇಡ ಎಂದು ಮೊದಲೇ ತಿಳಿಸುವುದು ಅಷ್ಟು ಕಷ್ಟವೇ? ದುಡ್ಡು ತೆಗೆದುಕೊಂಡವರ ಕನಿಷ್ಠ ಕರ್ತವ್ಯ ಅದು.

ಅದಕ್ಕಿಂತ ಬೇಸರ ತಂದದ್ದು ಮುಂದಿನ ದಿನಗಳು. ಕರುಳು ಪೂರ್ತಿ ಖಾಲಿಯಾದ ಮೇಲೆ ಅದು ಮತ್ತೆ ತುಂಬುವವರೆಗೆ ಶೌಚಕ್ಕೆ ಹೋಗಬೇಕೆನಿಸುವುದೇ ಇಲ್ಲ, ಅದು ಸಹಜ. ಆದರೆ ಫೋನ್ ಮಾಡಿ ಕೇಳಿದರೆ ಬಂದ ಉತ್ತರ, ‘ಒಳಗೆ ಇನ್ನೂ ಕಲ್ಮಶ ಅಂಟಿಕೊಂಡಿದೆ, ಮುಂದಿನ ಸರದಿಗೆ ಬೇಗ ಬನ್ನಿ’. ಕರುಳಿನ ಗೋಡೆಗೆ ಹಳೆಯ ಮಲ ಅಂಟಿಕೊಂಡು ಮೈಗೆ ವಿಷ ಏರಿಸುತ್ತದೆ ಎಂಬ ವಾದವನ್ನು ವೈದ್ಯಶಾಸ್ತ್ರ 20ನೇ ಶತಮಾನದ ಮೊದಲ ದಶಕಗಳಲ್ಲೇ ಕೈಬಿಟ್ಟಿದೆ. ದೇಹದ ತ್ಯಾಜ್ಯ ತೆಗೆಯಲು ಯಕೃತ್ತು, ಮೂತ್ರಪಿಂಡಗಳಿವೆ. ನನ್ನ ಪ್ಯಾಕೇಜಿನಲ್ಲಿ ಉಳಿದ ಸರದಿಗಳ ಹಣವಂತೂ ಮರಳಿ ಬರಲಿಲ್ಲ. ಆ ಮೊತ್ತದಲ್ಲಿ ನಮ್ಮ ಮನೆಗೆ ಎರಡು ತಿಂಗಳ ದಿನಸಿ ಬರುತ್ತಿತ್ತು.

ಹೋಗಲೇಬೇಕು ಎನ್ನುವವರು ನಳಿಕೆ ಹೊಸದೇ, ಒಬ್ಬರಿಗೆ ಬಳಸಿ ಎಸೆಯುವಂಥದೇ ಎಂದು ಕಣ್ಣಾರೆ ನೋಡಿಕೊಳ್ಳಿ. ಅಮೆರಿಕದ ಕೊಲೊರಾಡೊದಲ್ಲಿ 1978ರಿಂದ 1980ರ ನಡುವೆ ಒಂದೇ ಚಿಕಿತ್ಸಾಲಯದ ಇಂಥ ಉಪಕರಣದಿಂದ ಅಮೀಬಾ ಸೋಂಕು ಹಬ್ಬಿ ಆರು ಮಂದಿ ಸತ್ತಿದ್ದರು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ, ಕರುಳಿನ ಉರಿಯೂತ, ಇತ್ತೀಚಿನ ಹೊಟ್ಟೆಯ ಶಸ್ತ್ರಚಿಕಿತ್ಸೆ ಇದ್ದವರಿಗೆ ಇದು ಬೇಡವೇ ಬೇಡ.

ಎನಿಮಾ ಅಗ್ಗ, ಸುಲಭ. ಸುಮಾರು ಒಂದು ಲೀಟರ್ ಬೆಚ್ಚಗಿನ ನೀರು, ಕೆಲವೇ ನಿಮಿಷದ ಕೆಲಸ. ಆದರೆ ಪ್ರಕೃತಿ ಚಿಕಿತ್ಸೆಯಲ್ಲಿ ಅದರೊಂದಿಗೆ ಹಣ್ಣಿನ ಆಹಾರ, ಮಣ್ಣಿನ ಪಟ್ಟಿ, ಹೊತ್ತಿಗೆ ಸರಿಯಾದ ನಿದ್ರೆಯೂ ಇರುತ್ತವೆ. ನನಗೆ ಗುಣ ಕೊಟ್ಟದ್ದು ಪಪ್ಪಾಯಿಯೇ ಹೊರತು ಎನಿಮಾ ಅಲ್ಲ ಎಂಬುದು ನನ್ನ ಗಟ್ಟಿ ಅನಿಸಿಕೆ.

ಬಸ್ತಿಯ ಬಗ್ಗೆ ನನಗೆ ಗೌರವವಿದೆ. ವೈದ್ಯರು ನಾಡಿ ನೋಡಿ, ಊಟ, ನಿದ್ರೆ, ಹಳೆಯ ಕಾಯಿಲೆಗಳನ್ನೆಲ್ಲ ಕೇಳಿದ ಮೇಲೆಯೇ ಶುರುಮಾಡಿದರು. ತೈಲದ ಅನುವಾಸನ, ಕಷಾಯದ ನಿರೂಹ ಎಂದು ಸರದಿಯಲ್ಲಿ ಕೊಡುತ್ತಾರೆ. ಪರಿಣಾಮ ಕೆಲವು ವಾರ ನಿಂತಿತು. ಆದರೆ ರಜೆ ಬೇಕು, ಪಥ್ಯ ಬೇಕು. ವರ್ಷಕ್ಕೊಮ್ಮೆ ಬಿಡುವಿದ್ದರೆ ಅದು ಸರಿ, ದಿನನಿತ್ಯದ ತೊಂದರೆಗೆ ಅಲ್ಲ.

ಇನ್ನು ನನ್ನ ಇಸಬ್‌ಗೋಲ್. ರಾತ್ರಿ ಒಂದು ಚಮಚ ಹೊಟ್ಟನ್ನು ದೊಡ್ಡ ಲೋಟ ನೀರಿಗೆ ಹಾಕಿ ಕಲಕಿ, ಅದು ಲೋಳೆಯಾಗಿ ಗಟ್ಟಿಯಾಗುವ ಮೊದಲೇ ಕುಡಿಯುತ್ತೇನೆ, ಮೇಲೆ ಇನ್ನೊಂದು ಲೋಟ ನೀರು. ಬರಿದೇ ನುಂಗಿದರೆ ಗಂಟಲಲ್ಲೇ ಉಬ್ಬಿ ಕಟ್ಟಿಕೊಳ್ಳುವ ಅಪಾಯವಿದೆ. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆಯ ಅಂತರವಿರಲಿ. ಮೊದಲ ವಾರ ಹೊಟ್ಟೆಯುಬ್ಬರ ಇತ್ತು, ಆಮೇಲೆ ತಾನಾಗಿ ಹೋಯಿತು. ಕಿತ್ತಳೆ ರುಚಿಯ, ಸಕ್ಕರೆ ಬೆರೆಸಿದ ಪುಡಿಗಳು ಬೇಡ, ಸಾದಾ ಹೊಟ್ಟೇ ಸಾಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಕಾರ ದಿನಕ್ಕೆ ಸುಮಾರು 30 ಗ್ರಾಂ ನಾರಿನಂಶ ಬೇಕು. ಕಚೇರಿಯ ಪಕ್ಕದಲ್ಲಿ ಬಿಳಿ ಅನ್ನ, ಬನ್ಸ್, ಗೋಳಿಬಜೆ ತಿಂದುಕೊಂಡಿದ್ದರೆ ಅದರ ಅರ್ಧವೂ ಸೇರದು. ಈಗ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿಗೆ ಹುರುಳಿ ಚಟ್ನಿ, ವಾರದಲ್ಲಿ ಬಸಳೆ, ಅಲಸಂಡೆ, ಬಾಳೆದಿಂಡಿನ ಪಲ್ಯ ತಪ್ಪುವುದಿಲ್ಲ. ಬೆಳಗ್ಗೆ ಏಳುತ್ತಲೇ ಬಿಸಿನೀರು ಕುಡಿದು, ಅವಸರವಿಲ್ಲದೆ ಶೌಚಕ್ಕೆ ಕೂರುತ್ತೇನೆ. ಯಂತ್ರ ಕರುಳನ್ನು ಒಮ್ಮೆ ಖಾಲಿ ಮಾಡಿತು, ಇದು ಪ್ರತಿದಿನ ಅದರಿಂದ ಕೆಲಸ ಮಾಡಿಸುತ್ತಿದೆ. ನನ್ನ ಓಟು ಇದಕ್ಕೇ.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸು ದಾಟಿದ ಮೇಲೆ ಏಕಾಏಕಿ ಶೌಚದ ಕ್ರಮ ಬದಲಾಗುವುದು, ಇವುಗಳಲ್ಲಿ ಒಂದಿದ್ದರೂ ಮೇಲಿನ ನಾಲ್ಕನ್ನೂ ಬದಿಗಿಟ್ಟು ಮಣಿಪಾಲದಲ್ಲೋ ಮಂಗಳೂರಿನಲ್ಲೋ ಉದರರೋಗ ತಜ್ಞರನ್ನು ಕಾಣಿ.