ಹಿತ್ತಲಿಗೆ ಯಾವ ಮೆಣಸು: ಸೂಜಿಮೆಣಸು, ಬ್ಯಾಡಗಿ, ಹೈಬ್ರಿಡ್

ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ಮೂರು ವರ್ಷಗಳಿಂದ ಮೂರು ಬಗೆಯ ಮೆಣಸಿನ ಗಿಡಗಳನ್ನು ಬೆಳೆಸಿ ನೋಡಿದ್ದೇನೆ. ಈಗ ಉಳಿದಿರುವುದು ಶಿರಸಿಯ ಬೀಗರ ತೋಟದ ಬೇಲಿಯಿಂದ ಬೀಜ ತಂದು ಬೆಳೆಸಿದ ಸೂಜಿಮೆಣಸು ಮಾತ್ರ. ಮಲೆನಾಡಿನವರು ಜೀರಿಗೆ ಮೆಣಸು ಎನ್ನುವ ಈ ಗಿಡವನ್ನು ಇನ್ನು ಬಿಡುವ ಮನಸ್ಸು ನನಗಿಲ್ಲ.

ಮೊದಲು ಸೋತದ್ದು ಹೈಬ್ರಿಡ್. ನರ್ಸರಿಯೊಂದರಲ್ಲಿ 240 ರೂಪಾಯಿ ಕೊಟ್ಟು ತಂದ 12 ಸಸಿಗಳ ಎಲೆಗಳು ಎರಡನೆಯ ತಿಂಗಳಿಗೇ ದೋಣಿಯಂತೆ ಮೇಲಕ್ಕೆ ಮುದುಡಿಕೊಂಡವು. ಥ್ರಿಪ್ಸ್ ಎಂಬ ಪುಟ್ಟ ಕೀಟ ಹತ್ತಿದರೆ ಎಲೆ ಮೇಲಕ್ಕೂ ಮೈಟ್ ನುಸಿ ಹತ್ತಿದರೆ ಕೆಳಕ್ಕೂ ಮುದುಡುತ್ತದೆ ಎಂಬುದನ್ನು ಆಗಲೇ ಕಲಿತೆ. ಬೇವಿನೆಣ್ಣೆ ಸಿಂಪಡಿಸಿದಾಗ ಚೇತರಿಸಿಕೊಂಡ ಗಿಡಗಳು ಮತ್ತೆ ಮುದುಡಿದವು.

ಕಡ್ಡಿ ತಳಿಯ ಬ್ಯಾಡಗಿಯನ್ನು ದೂರುವಂತಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಾಯಿಯ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಅದು ಹೊಲದ ಬೆಳೆ. ನಾಲ್ಕು ಗಿಡಗಳ ಕಾಯಿಯನ್ನು ಒಣಗಿಸಿದರೆ ಸಿಕ್ಕಿದ್ದು ಒಂದು ಡಬ್ಬಿ ಖಾರಪುಡಿ, ಅಷ್ಟೆ.

ಸೂಜಿಮೆಣಸು ನಿಧಾನದ ಗಿಡ. ಬೀಜ ಮೊಳೆಯಲು ನನ್ನಲ್ಲಿ 25 ದಿನ ಹಿಡಿಯಿತು. ಎರೆಮಣ್ಣಿನಲ್ಲಿ ನೀರು ನಿಂತು ಮೊದಲ ಸಸಿಗಳ ಬೇರು ಕೊಳೆತ ಮೇಲೆ, ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನುಗ್ಗೆ ಮರದ ಅರೆನೆರಳಿನಲ್ಲಿ ನೆಟ್ಟೆ.

ನಿಜವಾದ ತೊಡಕು ಇರುವುದು ಕೀಳುವುದರಲ್ಲಿ. ಈ ಕಾಯಿ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ. ಹಣ್ಣಾದೊಡನೆ ತೊಟ್ಟನ್ನು ಗಿಡದಲ್ಲೇ ಬಿಟ್ಟು ಸುಲಭವಾಗಿ ಕಳಚಿಕೊಳ್ಳುತ್ತದೆ. ಹಕ್ಕಿಗಳಿಗೆ ಖಾರ ತಾಗುವುದಿಲ್ಲವಾದ್ದರಿಂದ ಅವು ಹಣ್ಣು ತಿಂದು ಬೀಜ ಹರಡಲು ಇದು ಅನುಕೂಲ, ನಮಗಲ್ಲ. ಪೂರ್ತಿ ಕೆಂಪಾಗಲೆಂದು ಕಾದರೆ ಪಿಕಳಾರಗಳು ಬೆಳಗಾಗುವುದರೊಳಗೆ ಅರ್ಧ ಗಿಡ ಖಾಲಿ ಮಾಡುತ್ತಿದ್ದವು. ಉಳಿದವನ್ನು ಬೆರಳಿನಿಂದ ಕಿತ್ತರೆ ತುದಿ ತೆರೆದುಕೊಂಡು ರಸ ಒಸರುತ್ತಿತ್ತು; ಒಣಹಾಕಿದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತಿತ್ತು.

ಬುಡದಲ್ಲಿ ಹಳೆಯ ಸೀರೆ ಹಾಸಿ ಗಿಡವನ್ನು ಅಲುಗಾಡಿಸಿದೆ. ಹೂವೂ ಎಳೆಗಾಯಿಯೂ ಜೊತೆಗೇ ಉದುರಿದವು. ರೆಂಬೆಯನ್ನೇ ಕತ್ತರಿಸಿದರೆ ಮುಂದಿನ ಫಸಲು ತಡವಾಯಿತು. ಬರಿಗೈಯಲ್ಲಿ ಕಿತ್ತ ದಿನವಂತೂ ಬೆರಳಿನ ಉರಿ ನೀರಿನಿಂದ ತಗ್ಗಲಿಲ್ಲ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಕೊನೆಗೆ ಕೈಹಿಡಿದದ್ದು ಹೊಲಿಗೆಯ ಪುಟ್ಟ ಕತ್ತರಿ. ಕಾಯಿ ಹಸಿರಿನಿಂದ ಕಿತ್ತಳೆಗೆ ತಿರುಗುವ ಹೊತ್ತಿಗೆ, ವಾರಕ್ಕೆರಡು ಸಂಜೆ, ತೊಟ್ಟಿನ ಸಮೇತ ಕತ್ತರಿಸಿ ನೆರಳಿನಲ್ಲಿ ಹರಡುತ್ತೇನೆ. ಮೂರು ದಿನದಲ್ಲಿ ಅಲ್ಲೇ ಕೆಂಪಾಗುತ್ತದೆ, ಬೂಷ್ಟು ಬರುವುದಿಲ್ಲ. ಒಂದು ಬಟ್ಟಲು ತುಂಬಲು ಮುಕ್ಕಾಲು ಗಂಟೆ ಬೇಕು ನಿಜ. ಸಂಜೆ ಹೇಗೂ ಹಿತ್ತಲಲ್ಲಿ ಕೂರುವ ನನಗೆ ಅದು ಹೊರೆಯೆನಿಸಿಲ್ಲ.

ಉಪ್ಪು, ನಿಂಬೆರಸದಲ್ಲಿ ಹಾಕಿಟ್ಟರೆ ಜೋಳದ ರೊಟ್ಟಿಯ ಜೊತೆಗೆ ಎರಡು ಕಾಯಿ ಸಾಕು. ಅದೇ ಗಿಡ ಮಳೆಗಾಲದ ಮುಂಚೆ ಸವರಿದರೆ ಚಿಗುರಿ ಮೂರನೆಯ ವರ್ಷವೂ ಕಾಯಿ ಬಿಡುತ್ತಿದೆ. ಬೀಜಕ್ಕೂ ಸಸಿಗೂ ನಾನು ಮತ್ತೆ ದುಡ್ಡು ಕೊಟ್ಟಿಲ್ಲ. ದಿನವೂ ಪಲ್ಯಕ್ಕೆ ಹಿಡಿಗಟ್ಟಲೆ ಹಸಿಮೆಣಸು ಬೇಕಾದವರಿಗೆ ಇದು ಸಾಲದು. ಬಣ್ಣದ ಖಾರಪುಡಿಗೆ, ರಂಜಕವೆಂಬ ಕೆಂಪುಮೆಣಸಿನ ಚಟ್ನಿಗೆ ಬೇಕಾದ ಮೆಣಸಿನಕಾಯಿಯನ್ನು ನಾನು ಈಗಲೂ ಪೇಟೆಯಿಂದಲೇ ತರುತ್ತೇನೆ.