ಲಕ್ಸರ್‌ನ ಪಶ್ಚಿಮ ದಡ: ಗುಂಪಿನ ಬಸ್ಸೋ, ಬಾಡಿಗೆ ಕಾರೋ?

ಈಜಿಪ್ಟಿನ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಡವನ್ನು ನಾನೂ ನನ್ನ ತಾಯಿಯೂ ಎರಡು ಸಲ ನೋಡಿದೆವು. ಗುಂಪಿನ ಬಸ್ಸಿನಲ್ಲಿ ಹೋಗಿ ಬಂದು ಮನಸ್ಸು ತುಂಬದ ಕಾರಣ, ಒಂದು ದಿನ ಬಿಟ್ಟು ಕಾರನ್ನೂ ಪರವಾನಗಿಯುಳ್ಳ ಗೈಡನ್ನೂ ಗೊತ್ತುಮಾಡಿಕೊಂಡು ಮತ್ತೆ ಹೊರಟೆವು. ಮೊದಲೇ ಹಾಗೆ ಮಾಡಬೇಕಿತ್ತು.

ಬಸ್ಸಿನವರು ಕೊಟ್ಟ ಪಟ್ಟಿಯಲ್ಲಿ ಪ್ರಾಚೀನ ದೊರೆಗಳ ಸಮಾಧಿಗಳಿರುವ ರಾಜರ ಕಣಿವೆ, ಹತ್ಶೆಪ್ಸುತ್ ರಾಣಿಯ ದೇವಾಲಯ, ಮೆಮ್ನಾನ್ ವಿಗ್ರಹಗಳು ಇದ್ದವು. ಅಲಬಾಸ್ಟರ್ ಕಲ್ಲಿನ ಅಂಗಡಿ ಇರಲಿಲ್ಲ, ಆದರೂ ಬಸ್ಸು ಅಲ್ಲಿ ನಿಂತಿತು. ಅಲ್ಲಿ ಅಂಗಳದಲ್ಲಿ ಕುಳಿತವರು ಕಲ್ಲು ಕೊರೆದು ತೋರಿಸಿದರು, ದಾಸವಾಳದ ಪಾನಕ ಬಂತು, ಹೂದಾನಿಯೊಳಗೆ ದೀಪವಿಟ್ಟು ಅದು ಹೊಳೆಯುವುದನ್ನು ತೋರಿಸಿದರು. ಹೊರಗೆ ಹೋಗಿ ಕೂರೋಣವೆಂದರೆ ಬಸ್ಸಿಗೆ ಬೀಗ ಹಾಕಿ ಚಾಲಕ ಎಲ್ಲಿಗೋ ಹೋಗಿದ್ದ. ಹೀಗೆ ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ಇಡೀ ರಾಜರ ಕಣಿವೆಗೆ ಸಿಕ್ಕಿದ್ದು ಒಂದೂವರೆ ಗಂಟೆ. ಟಿಕೆಟ್ಟು ಮೂರು ಸಮಾಧಿಗಳಿಗೆ ಸಲ್ಲುತ್ತಿದ್ದರೂ ಸಾಲಿನಲ್ಲಿ ನಿಂತು ನೋಡಲು ಸಾಧ್ಯವಾದದ್ದು ಎರಡನ್ನು ಮಾತ್ರ. ಅಂಗಡಿಯಲ್ಲಿ ಸಂಕೋಚಕ್ಕೆ ಬಿದ್ದು ತಾಯಿ ಕೊಂಡ ಬೆಕ್ಕಿನ ಗೊಂಬೆಯ ಬೆಲೆಯನ್ನು ನಾನು ಇಲ್ಲಿ ಹೇಳುವುದಿಲ್ಲ.

ಕಾರಿನ ದಿನ ನಸುಕಿನಲ್ಲೇ ದೋಣಿಯಲ್ಲಿ ನದಿ ದಾಟಿದೆವು. ಕಣಿವೆಯಲ್ಲಿ ಮೂರನೆಯ ರಾಮ್ಸೆಸ್‌ನ ಸಮಾಧಿಯನ್ನು ನೋಡಿ, ಅದೇ ದೊರೆ ಕಟ್ಟಿಸಿದ ಮೆದಿನೆತ್ ಹಬು ದೇವಾಲಯಕ್ಕೆ ಹೋದೆವು; ಅಲ್ಲಿಯ ಗೋಡೆಗಳಲ್ಲಿ ಸತ್ತ ಶತ್ರುಗಳ ಕತ್ತರಿಸಿದ ಕೈಗಳನ್ನು ರಾಶಿ ಹಾಕಿ ಲೆಕ್ಕ ಹಿಡಿಯುವ ಗುಮಾಸ್ತರಿದ್ದಾರೆ. ರಾಜಸಮಾಧಿಗಳನ್ನು ಕೊರೆದ ಕೆಲಸಗಾರರ ಊರಾದ ದೇರ್ ಎಲ್ ಮದೀನಾವನ್ನೂ ನೋಡಿದೆವು. ಇದೇ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷದಲ್ಲಿ ಕೂಲಿಯ ಧಾನ್ಯ ತಡವಾದುದಕ್ಕೆ ಅವರು ಕೆಲಸ ನಿಲ್ಲಿಸಿದ್ದರೆಂದು ಗೈಡ್ ಹೇಳಿದಾಗ, ಬೆಳಿಗ್ಗೆಯಿಂದ ನೋಡಿದ್ದೆಲ್ಲ ಒಂದೇ ಕಥೆಯಾಗಿ ಕೂಡಿಕೊಂಡಿತು. ಮೆದಿನೆತ್ ಹಬು, ದೇರ್ ಎಲ್ ಮದೀನಾ ಎರಡರ ಟಿಕೆಟ್ಟೂ ಸಿಗುವ ಕಚೇರಿ ಮೆಮ್ನಾನ್ ವಿಗ್ರಹಗಳ ಸಮೀಪದಲ್ಲಿದೆ. ನಮ್ಮ ಬಸ್ಸು ಆ ಕಚೇರಿಯ ಬಳಿ ನಿಲ್ಲದೆ ಮುಂದೆ ಹೋಗಿತ್ತು.

ಸಮಾಧಿಗಳ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲವಾದ್ದರಿಂದ ಎರಡೂ ದಿನ ಹೊರಗೆ ಕೇಳಿ ಒಳಗೆ ಹೋದೆವು. ಮೂವತ್ತು ಜನರೊಂದಿಗೆ ಬಿಸಿಲಿನಲ್ಲಿ ನಿಂತು ಕೇಳುವುದಕ್ಕೂ ನೆರಳಿನ ಬೆಂಚಿನಲ್ಲಿ ಕುಳಿತು ಕೇಳುವುದಕ್ಕೂ ಇರುವ ಅಂತರ ತಾಯಿಯ ಮೊಣಕಾಲಿಗೆ ಚೆನ್ನಾಗಿ ತಿಳಿಯಿತು.

ಊಟ ಬಸ್ಸಿನದೇ ಮೇಲು.

ನಮ್ಮಿಬ್ಬರಿಗೆ ಕಾರಿನ ದಿನ ಸುಮಾರು ಎರಡು ಪಟ್ಟು ಖರ್ಚಾಯಿತು. ಬೇಗ ಏಳುವ, ಒಂದೇ ಗೋಡೆಯೆದುರು ಅರ್ಧ ಗಂಟೆ ನಿಲ್ಲುವ ಅಭ್ಯಾಸದ ನನಗೆ ಅದು ಹೆಚ್ಚೆನಿಸಲಿಲ್ಲ. ಒಬ್ಬಳೇ ಹೋಗಿದ್ದರೆ ಬಹುಶಃ ಬಸ್ಸನ್ನೇ ಹತ್ತುತ್ತಿದ್ದೆ, ಆದರೆ ದಾರಿಯಲ್ಲಿ ಅಂಗಡಿಯಿಲ್ಲವೆಂದು ಬರೆಸಿಕೊಂಡ ಮೇಲೆ.