ಮುಳ್ಳೇರಿಯ ರೋಡಿನ ಚಾ ಹೋಟ್ಲು, ಗೋಳಿಬಜೆ ಮತ್ತೆ ಸ್ಕಾಟ್‌ಲೆಂಡ್

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ರೋಡಲ್ಲಿ ಒಂದು ಸಣ್ಣ ಹೋಟ್ಲುಂಟು. ಬೋರ್ಡಿಲ್ಲ, ಮ್ಯಾಪಲ್ಲೂ ಸಿಗುದಿಲ್ಲ, ಒಳಗೆ ನಾಲ್ಕು ಬೆಂಚು ಅಷ್ಟೆ. ಮೂರು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಶನಿವಾರ ಸಂಜೆ ಹೋಗ್ತಾ ಇದ್ದೇನೆ. ಗೋಳಿಬಜೆ ನಾಲ್ಕೂವರೆಗೆ ಬಾಣಲೆಯಿಂದ ಇಳೀತದೆ, ಐದೂಕಾಲಿಗೆ ಹೋದ್ರೆ ಖಾಲಿ. ಒಳಗೆ ಮೆತ್ತಗೆ, ಎಣ್ಣೆ ಕೈಗೆ ಅಂಟುದಿಲ್ಲ, ಶುಂಠಿ ಮತ್ತೆ ಕಾಯಿಚೂರು ಬಾಯಿಗೆ ಸಿಗ್ತದೆ, ಚಟ್ನಿಯೂ ನೀರು ನೀರು ಇರುದಿಲ್ಲ. ಮಳೆಗಾಲದಲ್ಲಿ ಪತ್ರೊಡೆ ಮಾಡ್ತಾರೆ, ಅದಕ್ಕೆ ಹಿಂದಿನ ದಿನವೇ ಹೇಳಿ ಇಡ್ಬೇಕು. ಚಾಕ್ಕೆ ಸಕ್ಕರೆ ಜಾಸ್ತಿ, ಕಮ್ಮಿ ಹಾಕಿ ಹೇಳಿದ್ರೆ ಹಾಕ್ತಾರೆ.

ಆದ್ರೆ ಇಷ್ಟೇ ಆಗಿದ್ರೆ ನಾನು ಬರೀತಿರ್ಲಿಲ್ಲ. ಈ ಹೋಟ್ಲಲ್ಲಿ ಕೂತವರನ್ನು ಏಳಿ ಹೇಳುವವರಿಲ್ಲ, ಒಂದು ಚಾ ಕುಡಿದು ಎರಡು ಗಂಟೆ ಮಾತಾಡಬಹುದು. ಕಳೆದ ತಿಂಗಳು ಒಂದು ಶನಿವಾರ ಜೋರು ಮಳೆ, ಕರೆಂಟಿಲ್ಲ, ಯಾರೂ ಹೊರಗೆ ಹೋಗುವ ಹಾಗಿರ್ಲಿಲ್ಲ. ರಿಟೈರ್ಡ್ ಮಾಷ್ಟ್ರೊಬ್ರು ಯಾವಾಗ್ಲೂ ಕಿಟಕಿ ಬದಿಗೆ ಕೂತ್ಕೊಳ್ತಾರೆ, ಅವರ ತಂಗಿ ಮಗ ಎಡಿನ್‌ಬರೋದಲ್ಲಿದ್ದಾನೆ, ಅವನ ಫೋನು ಬಂದದ್ದರಿಂದ ಸ್ಕಾಟ್‌ಲೆಂಡಿನ ಮಾತು ಸುರು ಆಯ್ತು. ಬ್ರಿಟನಿಂದ ಬೇರೆ ದೇಶ ಆಗ್ಬೇಕಾ ಹೇಳಿ ಅಲ್ಲಿ ಇನ್ನೊಮ್ಮೆ ರೆಫರೆಂಡಮ್, ಅಂದ್ರೆ ಜನಮತಗಣನೆ, ಬೇಕು ಹೇಳುವವರದ್ದು ನ್ಯಾಯವಾ ಅಲ್ವಾ ಹೇಳಿ.

ನಾನು ಅಲ್ಲ ಹೇಳಿದೆ. 2014ರ ಸೆಪ್ಟೆಂಬರ್ 18ಕ್ಕೆ ಕೇಳಿ ಆಗಿದೆ, ನೂರಕ್ಕೆ 55 ಜನ ಪ್ರತ್ಯೇಕ ದೇಶ ಬೇಡ ಹೇಳಿದ್ದಾರೆ, ಸೋತವರು ಗೆಲ್ಲುವವರೆಗೆ ಓಟು ಹಾಕಿಸ್ತಾ ಹೋದ್ರೆ ಅದಕ್ಕೆ ಕೊನೆ ಉಂಟಾ ಮಾಷ್ಟ್ರೇ ಅಂತ ಕೇಳಿದೆ. ಮಾಷ್ಟ್ರು ಸಿಟ್ಟು ಮಾಡ್ಕೊಳ್ಲಿಲ್ಲ. "ನೋಡು, ಬಾವಿ ಉಂಟು ಹೇಳಿ ನೀನು ಒಂದು ತೋಟ ಗೇಣಿಗೆ ತೆಗೊಳ್ತಿ, ಎರಡು ವರ್ಷಕ್ಕೆ ಯಜಮಾನ ಬಾವಿ ಮುಚ್ಚಿ ಬಿಡ್ತಾನೆ. ಮೊದಲು ಒಪ್ಪಿದ್ದಿ ಅಲ್ವಾ ಸುಮ್ಮನೆ ಇರು ಹೇಳಿದ್ರೆ ಇರ್ತಿಯಾ?" ಅಂದ್ರು. 2014ರಲ್ಲಿ ಬೇರೆ ಆಗುದು ಬೇಡ ಹೇಳುವವರು, ಸ್ಕಾಟ್‌ಲೆಂಡ್ ಬ್ರಿಟನನ್ನು ಬಿಟ್ಟು ಹೋದ್ರೆ ಯುರೋಪಿಯನ್ ಯೂನಿಯನ್ ಕೈ ತಪ್ಪುತ್ತದೆ ಹೇಳಿಯೂ ಜನರಲ್ಲಿ ಓಟು ಕೇಳಿದ್ರು. 2016ರ ಜೂನಲ್ಲಿ ಇಡೀ ಬ್ರಿಟನ್ ಆ ಯೂನಿಯನ್ ಬಿಡ್ಬೇಕಾ ಹೇಳುವ ಬ್ರೆಕ್ಸಿಟ್ ಓಟು, ಸ್ಕಾಟ್‌ಲೆಂಡಲ್ಲಿ ನೂರಕ್ಕೆ 62 ಜನ ಯೂನಿಯನಲ್ಲೇ ಇರುವಾ ಹೇಳಿದ್ರೂ 2020ರ ಜನವರಿ 31ಕ್ಕೆ ಹೊರಗೆ ಬರ್ಬೇಕಾಯ್ತು. ಬಾವಿ ಹೋಯ್ತು. ಅಲ್ಲಿಗೆ ನನ್ನ ವಾದ ಅರ್ಧ ಬಿತ್ತು, ಒಪ್ಕೊಳ್ತೇನೆ.

ಅಡಿಕೆ ವ್ಯಾಪಾರದ ಕಾಕ ಬಿಡ್ಲಿಲ್ಲ. ಅವರ ಮಾತು ನನಗೆ ಇವತ್ತಿಗೂ ಭಾರವಾಗಿ ಉಂಟು. ಸ್ಕಾಟ್‌ಲೆಂಡಿನ ವ್ಯಾಪಾರ ಹೆಚ್ಚಿನದ್ದು ಬ್ರಿಟನಿನ ಉಳಿದ ಭಾಗಕ್ಕೇ ಹೋಗುದು, ನಾಳೆ ಅವರು ಬೇರೆಯಾಗಿ ಯುರೋಪಿಗೆ ಸೇರಿದ್ರೆ ಇಂಗ್ಲೆಂಡಿನ ಗಡಿಯಲ್ಲಿ ಚೆಕ್‌ಪೋಸ್ಟ್ ಬರ್ತದೆ, ಯಾವ ದುಡ್ಡು ನಡೀತದೆ ಹೇಳಿಯೂ ಗೊತ್ತಿಲ್ಲ. "ಗೆರೆ ಕಾಗದದಲ್ಲಿರುವಾಗ ಎಂತದೂ ಅಲ್ಲ ಮಾಷ್ಟ್ರೇ. 2020 ಮಾರ್ಚಲ್ಲಿ ಕೊರೊನಾ ಹೇಳಿ ಕರ್ನಾಟಕದವರು ಗಡಿ ರೋಡಿಗೆ ಮಣ್ಣು ಸುರಿದದ್ದು ನೆನಪಿಲ್ವಾ? ನಮ್ಮವರು ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ಸತ್ತರು." ಗಡಿಯ ತಲಪಾಡಿಯಲ್ಲಿ ಆಂಬ್ಯುಲೆನ್ಸ್ ನಿಲ್ಲಿಸಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ, ಹಾಗಾಗಿ ಅದಕ್ಕೆ ಯಾರೂ ಕೂಡಲೇ ಉತ್ತರ ಕೊಡ್ಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಾಷ್ಟ್ರು ಹೇಳಿದ್ದನ್ನು ನಾನು ಅವತ್ತಿಂದ ಎಷ್ಟು ಜನರಿಗೆ ಹೇಳಿದ್ದೇನೋ. ಅವರ ತಂಗಿ ಮಗ ಅಲ್ಲಿಗೆ ಓದ್ಲಿಕ್ಕೆ ಹೋದವ, ಇಂಡಿಯಾದ ಪಾಸ್‌ಪೋರ್ಟು, ಆದ್ರೂ 2014ರಲ್ಲಿ ಅವನಿಗೆ ಓಟಿತ್ತು, ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸ ಇದ್ರೆ ಹಾಕಬಹುದಿತ್ತು, 16 ವರ್ಷದ ಮಕ್ಕಳೂ ಹಾಕಿದ್ರು. ನಮ್ಮ ಊರಿನ ಹುಡುಗನತ್ರ ಸ್ಕಾಟ್‌ಲೆಂಡು ಕೇಳಿತು. ನಮ್ಮ ಊರಿನ ವಿಷಯ ನಮ್ಮತ್ರ ಯಾರು ಕೇಳಿದ್ರು? 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯ್ತು, ಓಟಿಲ್ಲ. 1967ರಲ್ಲಿ ಗಡಿ ತಕರಾರಿಗೆ ಕೇಂದ್ರ ಸರ್ಕಾರ ಮಾಡಿದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರ್ಬೇಕು ಹೇಳಿತು, ಅದು ಫೈಲಲ್ಲೇ ಉಳೀತು. ರಾಜ್ಯದ ಗಡಿ ಮತ್ತೆ ದೇಶದ ಗಡಿ ಒಂದೇ ಅಲ್ಲ ಹೇಳಿ ಅವರಿಗೂ ಗೊತ್ತುಂಟು. ಆದ್ರೆ ಕೇಳುವ ಮರ್ಯಾದೆ ಒಂದುಂಟಲ್ಲ, ಅವರು ಹೇಳಿದ್ದು ಅದನ್ನು.

ಈಗ ಅಲ್ಲಿಯೂ ಕೇಳ್ಲಿಕ್ಕೆ ದಾರಿ ಇಲ್ಲ. 2022ರ ನವೆಂಬರ್ 23ಕ್ಕೆ ಬ್ರಿಟನಿನ ಸುಪ್ರೀಂ ಕೋರ್ಟು, ಲಂಡನಿನ ಒಪ್ಪಿಗೆ ಇಲ್ಲದೆ ಸ್ಕಾಟಿಷ್ ಪಾರ್ಲಿಮೆಂಟ್ ಜನಮತಗಣನೆಗೆ ಕಾನೂನು ಮಾಡುವ ಹಾಗಿಲ್ಲ ಹೇಳಿತು. ನನಗೆ ಕಾಣುದು, ಉತ್ತರ ಐರ್ಲೆಂಡಿಗೆ 1998ರ ಒಪ್ಪಂದದಲ್ಲಿ ಮಾಡಿದ ಹಾಗೆ ಇವರಿಗೂ ಒಂದು ನಿಯಮ ಬರೆದಿಡ್ಬೇಕಿತ್ತು, ಉತ್ತರ ಐರ್ಲೆಂಡಲ್ಲಿ ಬ್ರಿಟನ್ನಾ ಐರ್ಲೆಂಡಾ ಹೇಳಿ ಒಮ್ಮೆ ಓಟು ನಡೆದ್ರೆ ಮತ್ತೊಂದಕ್ಕೆ ಕನಿಷ್ಠ 7 ವರ್ಷ ಕಾಯ್ಬೇಕು ಹೇಳಿ ಉಂಟು. ಇಷ್ಟು ವರ್ಷಕ್ಕೊಮ್ಮೆ ಕೇಳಬಹುದು ಹೇಳಿ ಗೊತ್ತಿದ್ರೆ ಜಗಳ ಅರ್ಧ ಕಮ್ಮಿ. ಕಾಕ ಇದಕ್ಕೆ ತಲೆ ಅಲ್ಲಾಡಿಸಿದ್ರು, ಹೌದು ಹೇಳಿಯೋ ಅಲ್ಲ ಹೇಳಿಯೋ ಕತ್ತಲಲ್ಲಿ ಗೊತ್ತಾಗ್ಲಿಲ್ಲ. ಅಷ್ಟೊತ್ತಿಗೆ ಒಳಗಿಂದ ಯಜಮಾನ್ರು ಕೇಳದೇ ನಾಲ್ಕು ಗ್ಲಾಸು ಚಾ ತಂದಿಟ್ರು, ದುಡ್ಡು ತೆಗೊಳ್ಲಿಲ್ಲ.

ಐದಕ್ಕೆ ಐದು ಸ್ಟಾರ್ ಕೊಡ್ತೇನೆ. ಕೈ ತೊಳೆಯುವ ಜಾಗ ಹಿಂದೆ, ಮಳೆಗೆ ಅಲ್ಲಿ ಜಾರ್ತದೆ, ವಯಸ್ಸಾದವರನ್ನು ಕರ್ಕೊಂಡು ಹೋಗುವವರು ಜಾಗ್ರತೆ. ಬೈಕು ಎದುರಿಗೇ ಇಡಬಹುದು, ಕಾರಾದ್ರೆ ಸ್ವಲ್ಪ ಮುಂದೆ ಹೋಗಿ ನಿಲ್ಲಿಸ್ಬೇಕು. ಭಾನುವಾರ ರಜೆ.